ಹಳೆಯ ಮಾನಿಟರ್: ಪ್ಲಾಸ್ಟಿಕ್ ಪೆಡಸಾದಾಗ ದೋಷ ಹುಡುಕುವ ಬಗೆ

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಯೊಂದರಿಂದ, ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಸಿಎನ್‌ಸಿ ಯಂತ್ರಕ್ಕೆ ಜೋಡಿಸಿದ್ದ 17 ಇಂಚಿನ ಎಲ್‌ಸಿಡಿ ಮಾನಿಟರ್ ನನ್ನ ಮೇಜಿಗೆ ಬಂದಿತ್ತು. ಯಾರೂ ಮುಟ್ಟದಿದ್ದರೂ ಪರದೆಯ ಮೇಲೆ ಮೆನು ತೆರೆದುಕೊಳ್ಳುತ್ತದೆ, ಬೆಳಕು ತಾನಾಗಿ ಇಳಿಯುತ್ತದೆ, ಒಮ್ಮೊಮ್ಮೆ ಮಾನಿಟರ್ ಆಫ್ ಆಗಿಬಿಡುತ್ತದೆ ಎಂಬುದು ದೂರು. ಮೊದಲು ನೋಡಿದವರು ಪವರ್ ಬೋರ್ಡಿನ ಕೆಪಾಸಿಟರ್‌ಗಳನ್ನು, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಬಿಡಿಭಾಗಗಳನ್ನು, ಬದಲಿಸಿದ್ದರು. ಅದರಿಂದ ಗುಣ ಕಾಣದೆ ಮೇನ್ ಬೋರ್ಡನ್ನೇ ಬದಲಿಸಿದ್ದರು. ದೋಷ ಇದ್ದಲ್ಲೇ ಇತ್ತು. ನಾನು ಮುಂಭಾಗದ ಚೌಕಟ್ಟನ್ನು ಕಳಚಿ ಬದಿಗಿಟ್ಟು, ಮಾನಿಟರನ್ನು ಇಡೀ ದಿನ ಓಡಿಸಿದೆ. ಮೆನು ಒಮ್ಮೆಯೂ ತೆರೆಯಲಿಲ್ಲ. ಸಂಜೆ ಚೌಕಟ್ಟನ್ನು ಮತ್ತೆ ಕೂರಿಸಿದ ಕೂಡಲೇ ತೆರೆಯಿತು. ಬಟನ್‌ನ ಹಿಂದೆ ಬೆಂಕಿಕಡ್ಡಿಯಷ್ಟು ಅಗಲದ ಒಂದು ಪ್ಲಾಸ್ಟಿಕ್ ನಾಲಿಗೆ ಬುಡದಲ್ಲಿ ಸೀಳಿ, ಒಳಕ್ಕೆ ಬಾಗಿ, ಬೋರ್ಡಿನ ಮೇಲಿನ ಸ್ವಿಚ್ಚನ್ನು ಒತ್ತಿಕೊಂಡೇ ಕುಳಿತಿತ್ತು.

ಮಾನಿಟರ್ ಕೆಟ್ಟಾಗ ನಮ್ಮ ಕೈ ಮೊದಲು ವಿದ್ಯುತ್ ಅಳೆಯುವ ಮಲ್ಟಿಮೀಟರಿನತ್ತ ಹೋಗುತ್ತದೆ. ಹದಿನೈದು ವರ್ಷ ದಾಟಿದ ಮಾನಿಟರಿನಲ್ಲಿ ಪ್ಲಾಸ್ಟಿಕ್ ಕೂಡ ಕೆಪಾಸಿಟರಿನಷ್ಟೇ ಮುಪ್ಪಾಗಿರುತ್ತದೆ, ಅದನ್ನೇ ಮೊದಲು ನೋಡಬೇಕು ಎಂಬುದು ನನ್ನ ಅನುಭವ. ಬಿರುಕು ಕಂಡ ತಕ್ಷಣ ಅಂಟು ಹಚ್ಚಬಾರದು ಎಂಬುದು ಇನ್ನೊಂದು ಮಾತು. ಅಲ್ಲಿ ಬಿರುಕು ಬರಲು ಕಾರಣ ಬಿಸಿಯೋ, ಭಾರವೋ, ತೇವವೋ, ಎಣ್ಣೆಯೋ ಎಂದು ತಿಳಿಯದೆ ಅಂಟಿಸಿದ ಜಾಗ ಕೆಲವೇ ವಾರಗಳಲ್ಲಿ ಪಕ್ಕದಲ್ಲಿ ಬಿಡುತ್ತದೆ.

ಪ್ಲಾಸ್ಟಿಕ್ ಏಕೆ ಪೆಡಸಾಗುತ್ತದೆ

ಹಳೆಯ ಮಾನಿಟರ್‌ಗಳ ಕವಚಕ್ಕೆ ಹೆಚ್ಚಾಗಿ ಬಳಸಿದ್ದು ಎಬಿಎಸ್ ಪ್ಲಾಸ್ಟಿಕ್. ಅಕ್ರಿಲೊನೈಟ್ರೈಲ್, ಬ್ಯುಟಾಡೈಯೀನ್, ಸ್ಟೈರೀನ್ ಎಂಬ ಮೂರರ ಕೂಡಿಕೆ ಅದು. ಬ್ಯುಟಾಡೈಯೀನ್ ಅದರ ರಬ್ಬರ್ ಅಂಶ. ಗಟ್ಟಿ ಪ್ಲಾಸ್ಟಿಕ್‌ನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಬ್ಬರ್ ಕಣಗಳು ಹರಡಿಕೊಂಡಿರುತ್ತವೆ. ಪೆಟ್ಟು ಬಿದ್ದಾಗ ತಾಳಿಕೊಳ್ಳುವುದು ಅವೇ. ಆ ರಬ್ಬರಿನ ಅಣುಗಳಲ್ಲಿರುವ ಜೋಡಿ ಬಂಧಗಳನ್ನು ಗಾಳಿಯ ಆಮ್ಲಜನಕ ನಿಧಾನವಾಗಿ ತಿನ್ನುತ್ತದೆ. ಬಿಸಿಯೂ ನೇರಳಾತೀತ ಕಿರಣವೂ ಆ ಕೆಲಸವನ್ನು ಚುರುಕುಗೊಳಿಸುತ್ತವೆ. ತಯಾರಿಕೆಯಲ್ಲಿ ಬೆರೆಸಿದ ರಕ್ಷಕ ರಾಸಾಯನಿಕ ತೀರುವವರೆಗೆ ಏನೂ ಗೊತ್ತಾಗುವುದಿಲ್ಲ. ತೀರಿದ ಮೇಲೆ ಮೇಲ್ಪದರ ಮೊದಲು ಪೆಡಸಾಗುತ್ತದೆ, ಅಲ್ಲಿ ಹುಟ್ಟಿದ ಬಿರುಕು ಇನ್ನೂ ಚೆನ್ನಾಗಿರುವ ಒಳಪದರದೊಳಕ್ಕೂ ಓಡುತ್ತದೆ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿ ಕಂಡ ಕವಚ ಇಂದು ಸಣ್ಣ ತಟ್ಟಿಗೆ ಹಪ್ಪಳದಂತೆ ಒಡೆಯುವುದು ಹೀಗೆ.

ಹಳದಿಯಾದದ್ದೆಲ್ಲ ಪೆಡಸು, ಬಿಳಿಯಾಗಿ ಉಳಿದದ್ದೆಲ್ಲ ಗಟ್ಟಿ ಎಂದು ನಂಬಬೇಡಿ. ಕಿಟಕಿಯ ಬಿಸಿಲು ಬಿದ್ದ ಬದಿ ಚೆನ್ನಾಗಿ ಹಳದಿಯಾಗಿದ್ದರೂ ಬಾಗಿಸಿದರೆ ಬಾಗುವುದುಂಟು. ಬೆಳಕೇ ಕಾಣದ ಮೇಲಿನ ಗಾಳಿಕಿಂಡಿಗಳ ಒಳಪಟ್ಟಿ, ವರ್ಷಗಟ್ಟಲೆ ಒಳಗಿನ ಬಿಸಿಗಾಳಿ ಕುಡಿದು, ಬಣ್ಣ ಮಾಸದೆಯೂ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ.

ಕವಚ ಬಿಚ್ಚುವ ಮುನ್ನ

ಮೊದಲು ಮೂಸಿ ನೋಡಿ. ಇದು ತಮಾಷೆಯ ಮಾತಲ್ಲ. ಎಲ್‌ಸಿಡಿ ಪರದೆಯ ಅಂಚಿನಲ್ಲಿ ವಿನೆಗರ್‌ನ ಹುಳಿ ವಾಸನೆ ಬಂದರೆ ದೋಷ ಪರದೆಯ ಗಾಜಿಗೆ ಅಂಟಿಸಿರುವ ಪೋಲರೈಸರ್ ಎಂಬ ಪ್ಲಾಸ್ಟಿಕ್ ಹಾಳೆಯಲ್ಲಿದೆ. ಅದರ ಬಗ್ಗೆ ಮುಂದೆ ಬರೆದಿದ್ದೇನೆ. ಪಿಕ್ಚರ್ ಟ್ಯೂಬಿನ ಮಾನಿಟರಿನಲ್ಲಿ, ಮಿಂಚು ಹೊಡೆದ ಮೇಲೆ ಬರುವಂಥ ಘಾಟು ವಾಸನೆ, ಜೊತೆಗೆ ಟಿಕ್ ಟಿಕ್ ಅಥವಾ ಸುಯ್ ಎಂಬ ಸದ್ದು ಇದ್ದರೆ ಕೂಡಲೇ ಪ್ಲಗ್ ಕಿತ್ತುಬಿಡಿ. ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಇಎಚ್‌ಟಿ ಟ್ರಾನ್ಸ್‌ಫಾರ್ಮರಿನ ಹೊರಮೈ ಬಿರುಕು ಬಿಟ್ಟಿದೆ, ಇಲ್ಲವೇ ಟ್ಯೂಬಿನ ಬೆನ್ನಿಗೆ ಅಂಟಿಕೊಂಡಿರುವ ರಬ್ಬರ್ ಟೋಪಿ ಸೆಟೆದು ಹೈವೋಲ್ಟೇಜ್ ಹೊರಗೆ ಜಿಗಿಯುತ್ತಿದೆ.

ಆಮೇಲೆ ಕೈ ಆಡಿಸಿ. ಕಪ್ಪು ಮಾನಿಟರ್‌ಗಳ ಸ್ಟ್ಯಾಂಡ್ ಮೇಲೆ, ಬಟನ್‌ಗಳ ಸುತ್ತ ಮೆತ್ತಗಿನ ರಬ್ಬರಿನಂಥ ಲೇಪನ ಇರುತ್ತದೆ. ಹಲಸಿನ ಹಣ್ಣು ಬಿಡಿಸಿದ ಕೈಯಂತೆ ಬೆರಳು ಅಲ್ಲಿ ಜಿಗುಟಾದರೆ, ಆ ಲೇಪನ ಕರಗಿದೆ ಎಂದು ಅರ್ಥ. ಅದು ಪಾಲಿಯುರೆಥೇನ್, ಗಾಳಿಯ ತೇವ ಅದರ ಅಣುಗಳನ್ನು ಕಡಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯಂತೆ ತೇವಾಂಶ ಹೆಚ್ಚಿರುವಲ್ಲಿ ಇದು ಬೇಗ ಆಗುತ್ತದೆ. ಕೆಳಗಿನ ಪ್ಲಾಸ್ಟಿಕ್ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಮೂಲೆಯೊಂದರಲ್ಲಿ ಪರೀಕ್ಷಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಲೇಪನವನ್ನು ಪೂರ್ತಿ ಒರೆಸಿ ತೆಗೆಯಿರಿ. ಮುಖಕ್ಕೆ ಹಚ್ಚುವ ಪೌಡರ್ ಉದುರಿಸುವ ಉಪಾಯ ನಾಲ್ಕು ದಿನದ್ದು. ಆಲ್ಕೋಹಾಲ್ ಪರದೆಗೆ ತಾಗದಿರಲಿ.

ಬಿರುಕು ಬಿಟ್ಟ ಜಾಗದ ಒಂದು ಚೂರು ಸಿಕ್ಕರೆ ಎಸೆಯಬೇಡಿ, ಅದರ ಒಡೆದ ಮೈಯನ್ನು ಬೆಳಕಿಗೆ ಹಿಡಿದು ನೋಡಿ. ಆರೋಗ್ಯವಂತ ಎಬಿಎಸ್ ಮುರಿಯುವ ಮೊದಲು ಬಾಗುತ್ತದೆ, ಬಾಗಿದ ಕಡೆ ಬಿಳಿಚಿಕೊಳ್ಳುತ್ತದೆ. ಅಂಥ ಬಿಳಿ ಗೆರೆ ಇದ್ದರೆ ಪ್ಲಾಸ್ಟಿಕ್ ಇನ್ನೂ ಜೀವಂತವಾಗಿದೆ, ಯಾರೋ ಹೆಚ್ಚು ಬಲ ಹಾಕಿ ಮುರಿದಿದ್ದಾರೆ. ಒಡೆದ ಮೈ ಗಾಜಿನಂತೆ ನುಣುಪಾಗಿದ್ದು ಬಿಳಿಚಿದ ಗುರುತೇ ಇಲ್ಲದಿದ್ದರೆ, ಪ್ಲಾಸ್ಟಿಕ್ ತಾನಾಗಿ ಸೋತಿದೆ. ಹಸಿ ಸೋಗೆ ಬಾಗುತ್ತದೆ, ಒಣ ಸೋಗೆ ಲಟಕ್ಕೆನ್ನುತ್ತದೆ, ಅಷ್ಟೇ ವ್ಯತ್ಯಾಸ. ಈ ಒಂದು ಪರೀಕ್ಷೆಯಿಂದ ಮುಂದೆ ಎಷ್ಟು ಹಗುರ ಕೈಯಿಂದ ಕೆಲಸ ಮಾಡಬೇಕು ಎಂಬುದು ನಿರ್ಧಾರವಾಗುತ್ತದೆ.

ಬಿರುಕು ಎಲ್ಲಿದೆ?

ನಾನು ಹೆಚ್ಚು ಸಮಯ ಕೊಡುವುದು ಈ ಪ್ರಶ್ನೆಗೆ.

ಮೇಲಿನ ಕಿಂಡಿಗಳ ಸುತ್ತ ಮಾತ್ರ ಬಿರುಕಿದ್ದರೆ ಕಾರಣ ಬಿಸಿ. ಕಿಂಡಿಗಳ ಮೇಲೆ ಕಡತ, ಪುಸ್ತಕ, ಬಟ್ಟೆಯ ಹೊದಿಕೆ ಇಡುವ ಅಭ್ಯಾಸ ಇತ್ತೇ ಎಂದು ಮಾಲೀಕರನ್ನು ಕೇಳಿ. ಇಲ್ಲಿ ರಿಪೇರಿಗಿಂತ ಗಾಳಿಗೆ ದಾರಿ ಬಿಡುವುದು ಮುಖ್ಯ.

ಸ್ಟ್ಯಾಂಡ್ ಸೇರುವ ಕುತ್ತಿಗೆಯಲ್ಲಿ ಬಿರುಕಿದ್ದರೆ ಕಾರಣ ಭಾರ ಎಂದು ತೋರುತ್ತದೆ, ಆದರೆ ಬಹಳ ಸಲ ತಪ್ಪು ಕೀಲಿನದು. ಪರದೆಯನ್ನು ಹಿಂದಕ್ಕೆ ಮುಂದಕ್ಕೆ ಬಾಗಿಸುವ ಲೋಹದ ಕೀಲಿನಲ್ಲಿ ಗ್ರೀಸ್ ಒಣಗಿ ಬಿಗಿಯಾಗುತ್ತದೆ. ನಾವು ಪರದೆಯ ಅಂಚು ಹಿಡಿದು ತಳ್ಳಿದ ಬಲವೆಲ್ಲ ತಿರುಗದ ಆ ಕೀಲನ್ನು ದಾಟಿ, ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಕಂಬಗಳ ಮೇಲೆ ಬೀಳುತ್ತದೆ. ಪರೀಕ್ಷೆ ಸುಲಭ: ಕೀಲನ್ನು ಕವಚದಿಂದ ಬಿಡಿಸಿ ಕೈಯಲ್ಲಿ ಹಿಡಿದು ತಿರುಗಿಸಿ. ಹಲ್ಲು ಕಚ್ಚಿ ತಿರುಗಿಸಬೇಕಾದಷ್ಟು ಬಿಗಿಯಿದ್ದರೆ ಮೊದಲು ಅದರ ನಟ್ ಅನ್ನು ಕಾಲು ಸುತ್ತು ಸಡಿಲಿಸಿ, ಹಳೆಯ ಗ್ರೀಸ್ ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿ. ಪೆಟ್ರೋಲಿಯಂ ಗ್ರೀಸ್ ಪ್ಲಾಸ್ಟಿಕ್‌ಗೆ ಹರಿದರೆ ಹೊಸ ಬಿರುಕಿಗೆ ದಾರಿ ಮಾಡಿಕೊಡುತ್ತದೆ. ಕೀಲು ಸರಿಯಾಗದೆ ಕುತ್ತಿಗೆಗೆ ಎಷ್ಟು ಎಪಾಕ್ಸಿ ಅಂಟು ತುಂಬಿದರೂ ವ್ಯರ್ಥ.

ಸ್ಕ್ರೂ ಕೂರುವ ಕಂಬದ ಉದ್ದಕ್ಕೂ ಸೀಳಿದ್ದರೆ ಯಾರೋ ಸ್ಕ್ರೂವನ್ನು ಮಿತಿಮೀರಿ ಬಿಗಿದಿದ್ದಾರೆ, ಅಥವಾ ಸಡಿಲವಾಗದಿರಲೆಂದು ಸ್ಕ್ರೂಗೆ ಥ್ರೆಡ್‌ಲಾಕ್ ದ್ರವ ಹಾಕಿದ್ದಾರೆ. ಆ ದ್ರವ ಲೋಹಕ್ಕಾಗಿ ಮಾಡಿದ್ದು, ಎಬಿಎಸ್ ಅನ್ನು ಒಡೆಯುತ್ತದೆ.

ಇನ್ನು ಜೇಡರ ಬಲೆಯಂತೆ ಸಣ್ಣ ಬಿರುಕುಗಳು ಒಂದು ಪ್ರದೇಶದಲ್ಲಿ ಹರಡಿದ್ದರೆ ಅಲ್ಲಿಗೆ ಯಾವುದೋ ರಾಸಾಯನಿಕ ತಾಗಿದೆ. ಪೀಣ್ಯದ ಮಾನಿಟರಿನ ಕಥೆ ಇದೇ. ಲೋಹ ಕೊರೆಯುವಾಗ ಹಾರುವ ಕಟಿಂಗ್ ಆಯಿಲ್‌ನ ಮಂಜು ವರ್ಷಗಟ್ಟಲೆ ಚೌಕಟ್ಟಿನ ಮೇಲೆ ಕೂತಿತ್ತು. ಎಣ್ಣೆ ಸುಮ್ಮನಿರುವ ಪ್ಲಾಸ್ಟಿಕನ್ನು ಅಷ್ಟಾಗಿ ಕೆಡಿಸುವುದಿಲ್ಲ. ಎಳೆತ ಇರುವ ಕಡೆ, ಅಂದರೆ ಸ್ಕ್ರೂ ಕಂಬದ ಬುಡದಲ್ಲಿ, ಕ್ಲಿಪ್‌ಗಳಲ್ಲಿ, ಬಟನ್‌ನ ನಾಲಿಗೆಯಲ್ಲಿ ಹೊಕ್ಕು ಬಿರುಕು ತೆರೆಯುತ್ತದೆ. ಆ ನಾಲಿಗೆ ಬಟನ್ ಒತ್ತಿದಾಗಲೆಲ್ಲ ಬಾಗುವ ಭಾಗ. ಮೊದಲು ಹೋದದ್ದು ಅದೇ. ಇಂಥ ಕಡೆ ಮಾನಿಟರನ್ನು ಯಂತ್ರದ ಬಾಗಿಲಿನಿಂದ ದೂರ ಸರಿಸುವುದು, ಕವಚವನ್ನು ಬೆಚ್ಚಗಿನ ಸಾಬೂನು ನೀರು ಹಿಂಡಿದ ಬಟ್ಟೆಯಿಂದ ಒರೆಸುವುದು, ಥಿನ್ನರ್‌ನಂಥ ದ್ರಾವಕಗಳನ್ನು ದೂರ ಇಡುವುದು ರಿಪೇರಿಯ ಭಾಗವೇ.

ಕೊನೆಯದಾಗಿ, ಕವಚದ ಮೇಲೆ ವಯರ್ ಮಲಗಿದ್ದ ಜಾಗದಲ್ಲಿ ಕೊರೆದಂಥ ತೋಡು ಬಿದ್ದಿದ್ದರೆ ಅದು ಪಿವಿಸಿ ವಯರಿನಿಂದ ಇಳಿದ ಮೆದುಕಾರಕದ ಕೆಲಸ. ವಯರನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಆ ವಸ್ತು ಹೊರಬಂದು ಪಕ್ಕದ ಪ್ಲಾಸ್ಟಿಕನ್ನು ಕರಗಿಸುತ್ತದೆ. ಅತ್ತ ವಯರ್ ಒಣಗಿ ಸೆಟೆಯುತ್ತದೆ. ಬಾಗಿಸಿದಾಗ ಬಿರಿಯುವ ಪವರ್ ಕೇಬಲ್‌ಗೆ ಟೇಪ್ ಸುತ್ತಬೇಡಿ, ಹೊಸದನ್ನೇ ಹಾಕಿ.

ಎಲೆಕ್ಟ್ರಾನಿಕ್ ದೋಷದಂತೆ ಕಾಣುವ ಪ್ಲಾಸ್ಟಿಕ್ ದೋಷಗಳು

ಬಟನ್ ತಾನಾಗಿ ಕೆಲಸ ಮಾಡುತ್ತಿದ್ದರೆ ಚೌಕಟ್ಟು ಕಳಚಿ ಓಡಿಸಿ ನೋಡುವುದೇ ಸರಿಯಾದ ಪರೀಕ್ಷೆ. ದೋಷ ಮಾಯವಾದರೆ ಪ್ಲಾಸ್ಟಿಕ್, ಉಳಿದರೆ ಸ್ವಿಚ್ ಅಥವಾ ಬೋರ್ಡ್. ಮಾನಿಟರ್ ಎರಡು ಸೆಕೆಂಡು ಬೆಳಗಿ ಆರಿದರೆ ಮಾತ್ರ ನಾನು ಕೆಪಾಸಿಟರ್, ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಕಡೆಗೆ ಮೊದಲು ತಿರುಗುತ್ತೇನೆ.

ಪರದೆಯನ್ನು ಬಾಗಿಸಿದಾಗ ಚಿತ್ರ ಹಾರಿದರೆ, ಬೋರ್ಡನ್ನು ಹಿಡಿದಿರುವ ಕ್ಲಿಪ್ ಅಥವಾ ಕಂಬ ಮುರಿದಿದೆಯೇ ನೋಡಿ. ಮುರಿದಿದ್ದರೆ ಕಂಪ್ಯೂಟರಿನಿಂದ ಚಿತ್ರ ತರುವ ವಿಜಿಎ ಕೇಬಲಿನ ಎಳೆತವೆಲ್ಲ ಸಾಕೆಟ್ಟಿನ ಬೆಸುಗೆಯ ಮೇಲೆ ಬಿದ್ದಿರುತ್ತದೆ. ಬೆಸುಗೆಯನ್ನು ಮತ್ತೆ ಹಾಕಿದರೆ ಸಾಲದು, ಬೋರ್ಡಿಗೆ ಆಸರೆಯನ್ನೂ ಕೊಡಬೇಕು.

ಪರದೆ ಹಳದಿಯಾಗಿ ಕಂಡರೆ ಎರಡು ಸಾಧ್ಯತೆ. ಹಳೆಯ ಎಲ್‌ಸಿಡಿಗಳಲ್ಲಿ ಬೆಳಕು ಕೊಡುವುದು ಸಿಸಿಎಫ್‌ಎಲ್ ಎಂಬ ಸಣ್ಣ ಟ್ಯೂಬ್‌ಲೈಟ್. ಅದು ಸವೆದರೆ ಆನ್ ಮಾಡಿದ ಮೊದಲ ನಿಮಿಷಗಳಲ್ಲಿ ಪರದೆ ಗುಲಾಬಿ ಛಾಯೆ ತೋರುತ್ತದೆ, ಒಟ್ಟಾರೆ ಮಂಕಾಗುತ್ತದೆ. ಹಿಂದಿನ ಪ್ಲಾಸ್ಟಿಕ್ ಹಾಳೆಗಳು ಸುಟ್ಟು ಹಳದಿಯಾಗಿದ್ದರೆ, ಟ್ಯೂಬ್ ಇರುವ ಅಂಚಿನಲ್ಲೇ, ಅದರಲ್ಲೂ ಬಿಸಿ ಹೆಚ್ಚಿರುವ ಟ್ಯೂಬಿನ ತುದಿಗಳ ಬಳಿ, ಕಂದು ಮಚ್ಚೆ ಇರುತ್ತದೆ. ಪ್ಯಾನೆಲ್ ಬಿಚ್ಚಿದಾಗ ಒಂದೊಂದೇ ಹಾಳೆಯನ್ನು ಬಿಳಿ ಕಾಗದದ ಮೇಲಿಟ್ಟು ನೋಡಿದರೆ ಅನುಮಾನ ಉಳಿಯುವುದಿಲ್ಲ. ಸಿಸಿಎಫ್‌ಎಲ್ ಒಳಗೆ ಪಾದರಸವಿದೆ, ಒಡೆಯಬಾರದು.

ವಿನೆಗರ್ ವಾಸನೆಯ ಪರದೆ

ಇದು ಕವಚದ ದೋಷ ಅಲ್ಲ, ಆದರೂ ಪ್ಲಾಸ್ಟಿಕ್ ಮುಪ್ಪಿನ ಅತ್ಯಂತ ಕ್ರೂರ ರೂಪ ಇದೇ ಎನ್ನಬೇಕು. ಎಲ್‌ಸಿಡಿ ಗಾಜಿನ ಎರಡೂ ಬದಿಗೆ ಪೋಲರೈಸರ್ ಹಾಳೆ ಅಂಟಿಸಿರುತ್ತಾರೆ. ಅಯೋಡಿನ್ ಹೀರಿಸಿದ ತೆಳುವಾದ ಪಾಲಿವಿನೈಲ್ ಆಲ್ಕೋಹಾಲ್ ಹಾಳೆಯನ್ನು ಟ್ರೈಅಸಿಟೈಲ್ ಸೆಲ್ಯುಲೋಸ್ ಹಾಳೆಗಳ ನಡುವೆ ಇಟ್ಟು ಮಾಡಿದ್ದು ಅದು. ಹಳೆಯ ಸಿನಿಮಾ ರೀಲುಗಳನ್ನು ಕಾಪಾಡುವವರಿಗೆ ಈ ವಸ್ತು ಚೆನ್ನಾಗಿ ಗೊತ್ತು. ತೇವ ಮತ್ತು ಸೆಕೆ ಸೇರಿದರೆ ಅದು ಒಡೆದು ಅಸಿಟಿಕ್ ಆಮ್ಲವನ್ನು, ಅಂದರೆ ವಿನೆಗರ್‌ನಲ್ಲಿರುವ ಅದೇ ಹುಳಿಯನ್ನು, ಬಿಡುತ್ತದೆ. ಹೊರಬಂದ ಆಮ್ಲ ಉಳಿದ ಹಾಳೆಯನ್ನು ಇನ್ನಷ್ಟು ವೇಗವಾಗಿ ಒಡೆಯುತ್ತದೆ. ಒಮ್ಮೆ ಶುರುವಾದರೆ ನಿಲ್ಲಿಸುವ ದಾರಿಯಿಲ್ಲ.

ಗುರುತಿಸುವುದು ಹೀಗೆ: ಮಾನಿಟರ್ ಆಫ್ ಮಾಡಿ, ಕಿಟಕಿಯ ಬೆಳಕು ಪರದೆಯ ಮೇಲೆ ಓರೆಯಾಗಿ ಬೀಳುವಂತೆ ತಿರುಗಿಸಿ. ಅಂಚಿನಿಂದ ಒಳಕ್ಕೆ ಸುಕ್ಕು, ಗುಳ್ಳೆ, ತೇವ ಕುಡಿದ ಗೋಡೆಯಂಥ ಕಲೆ ಕಂಡರೆ, ಜೊತೆಗೆ ಹುಳಿ ವಾಸನೆ ಇದ್ದರೆ, ಪೋಲರೈಸರ್. ಆಫ್ ಇದ್ದಾಗ ಮೈ ನುಣುಪಾಗಿದ್ದು ಆನ್ ಆದಾಗ ಮಾತ್ರ ಕಲೆ ಕಂಡರೆ ಹಿಂದಿನ ಹಾಳೆಗಳನ್ನೂ ಹಿಂಬದಿಯ ಪೋಲರೈಸರನ್ನೂ ನೋಡಬೇಕು. ಗೆರೆಗಳು ಬಂದರೆ ವಿಷಯ ಬೇರೆ, ಅದು ಪ್ಯಾನೆಲಿನ ಸಂಪರ್ಕಗಳದ್ದು.

ಹಾಳೆಯನ್ನು ಬದಲಿಸಬಹುದು. ಹಳೆಯದನ್ನು ಒಂದು ಮೂಲೆಯಿಂದ ನಿಧಾನವಾಗಿ ಸುಲಿದು, ಗಾಜಿನ ಮೇಲಿನ ಅಂಟನ್ನು ತಾಳ್ಮೆಯಿಂದ ತೆಗೆದು, ಹೊಸ ಪೋಲರೈಸರ್ ಅಂಟಿಸಬೇಕು. ಹಳೆಯ ಕಾಲದ ಬಹುಪಾಲು ಎಲ್‌ಸಿಡಿ ಮಾನಿಟರ್‌ಗಳಲ್ಲಿ ಹಾಳೆ ಬೆಳಕು ಬಿಡುವ ದಿಕ್ಕು ಅಂಚಿಗೆ 45 ಡಿಗ್ರಿ ಓರೆ. ಅಂಟಿಸುವ ಮೊದಲು ಮಾನಿಟರ್ ಓಡಿಸಿ, ಹಾಳೆಯನ್ನು ಪರದೆಯ ಮುಂದೆ ಹಿಡಿದು ತಿರುಗಿಸಿ. ತಪ್ಪು ದಿಕ್ಕಿನಲ್ಲಿ ಚಿತ್ರ ಫೋಟೋ ನೆಗೆಟಿವ್‌ನಂತೆ ತಿರುಗಾಮುರುಗಾ ಕಾಣುತ್ತದೆ, ಸರಿಯಾದ ದಿಕ್ಕಿನಲ್ಲಿ ಕಪ್ಪು ಕಪ್ಪಾಗಿ ನಿಲ್ಲುತ್ತದೆ. ಆ ಕೋನವನ್ನು ಗುರುತು ಮಾಡಿಕೊಂಡ ಮೇಲೆಯೇ ಕತ್ತರಿಸಿ. ವಾಸನೆ ಬರುವ ಪರದೆಯನ್ನು ಒಳ್ಳೆಯವುಗಳ ಜೊತೆ ಒಂದೇ ಬೀರುವಿನಲ್ಲಿ ಇಡಬೇಡಿ. ಒಳ್ಳೆಯದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡಬೇಡಿ. ಮಳೆಗಾಲದಲ್ಲಿ ಜೋಪಾನವಾಗಿರಲೆಂದು ಕಟ್ಟಿಟ್ಟದ್ದೇ ಒಳಗಿನ ತೇವ, ಆಮ್ಲ ಎರಡನ್ನೂ ಹಿಡಿದಿಡುತ್ತದೆ.

ಪಿಕ್ಚರ್ ಟ್ಯೂಬ್ ಇದ್ದರೆ

ಟ್ಯೂಬ್ ಮಾನಿಟರ್ ಬಿಚ್ಚಿ ಅಭ್ಯಾಸವಿಲ್ಲದವರು ಈ ಕೆಲಸಕ್ಕೆ ಕೈಹಾಕಬಾರದು. ಬಣ್ಣದ ಟ್ಯೂಬಿನ ಆನೋಡ್‌ನಲ್ಲಿ, ಅಂದರೆ ರಬ್ಬರ್ ಟೋಪಿಯ ಕೆಳಗೆ ಹೈವೋಲ್ಟೇಜ್ ಸೇರುವ ಜಾಗದಲ್ಲಿ, ಸುಮಾರು 25,000 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರಬಹುದು. ಬಲ್ಲವರು ಕೂಡ ಟ್ಯೂಬಿನ ಬೆನ್ನಿನ ಹೆಣೆದ ಭೂಸಂಪರ್ಕ ತಂತಿಗೆ ಜೋಡಿಸಿದ ಸಾಧನದಿಂದ ಡಿಸ್ಚಾರ್ಜ್ ಮಾಡದೆ ಒಳಗೆ ಬೆರಳಿಡುವುದಿಲ್ಲ.

ಪ್ಲಾಸ್ಟಿಕ್ ದೃಷ್ಟಿಯಿಂದ ಇಲ್ಲಿ ಒಂದು ಅಪಾಯ ಎಲ್ಲಕ್ಕಿಂತ ದೊಡ್ಡದು. ಟ್ಯೂಬಿನ ನಾಲ್ಕು ಕಿವಿಗಳು ಮುಂಭಾಗದ ಚೌಕಟ್ಟಿನ ನಾಲ್ಕು ಪ್ಲಾಸ್ಟಿಕ್ ಕಂಬಗಳಿಗೆ ಸ್ಕ್ರೂ ಆಗಿರುತ್ತವೆ. 17 ಇಂಚಿನ ಮಾನಿಟರಿನ ತೂಕ 15 ಕಿಲೋ ದಾಟಬಹುದು, ಅದರಲ್ಲಿ ದೊಡ್ಡ ಪಾಲು ಗಾಜಿನದು. ಆ ಕಂಬಗಳು ಬಿರಿದಿದ್ದರೆ ಎತ್ತಿದಾಗ ಒಳಗೆ ದಡ್ ಎಂಬ ಸದ್ದು ಬರುತ್ತದೆ, ಅಥವಾ ಗಾಜು ಮತ್ತು ಚೌಕಟ್ಟಿನ ನಡುವಿನ ಸಂದು ಒಂದು ಬದಿಗೆ ಅಗಲವಾಗಿ ಕಾಣುತ್ತದೆ. ಹಾಗಿದ್ದರೆ ಸಾಗಿಸುವ ಯೋಚನೆ ಬಿಡಿ. ಇದ್ದಲ್ಲೇ ದಪ್ಪ ಮೆತ್ತೆಯ ಮೇಲೆ ಪರದೆ ಕೆಳಗೆ ಬರುವಂತೆ ಮಲಗಿಸಿ. ಭಾರವೆಲ್ಲ ಗಾಜಿನ ಮುಖದ ಮೇಲೆ ನಿಲ್ಲಲಿ. ಟ್ಯೂಬಿನ ಹಿಂದಿನ ತೆಳ್ಳಗಿನ ಕುತ್ತಿಗೆಗೆ ಏನೂ ತಾಗಬಾರದು.

ಬಿಚ್ಚುವುದು, ಕೂಡಿಸುವುದು

ಪೆಡಸಾದ ಕವಚವನ್ನು ತಣ್ಣಗಿರುವಾಗ ಬಿಚ್ಚಬೇಡಿ. ಹೇರ್ ಡ್ರೈಯರಿನಿಂದ ಕ್ಲಿಪ್‌ಗಳ ಸಾಲನ್ನು ಕೈಗೆ ಬೆಚ್ಚಗೆ ತಾಗುವಷ್ಟು ಕಾಯಿಸಿ, ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ, ಒಂದೊಂದೇ ಕ್ಲಿಪ್ ಬಿಡಿಸುತ್ತ ಹೋಗಿ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಬಲವೆಲ್ಲ ಒಂದು ಬಿಂದುವಿಗೆ ಬೀಳುತ್ತದೆ.

ಯಾವ ಅಂಟು ಎಂದು ಆಯ್ದುಕೊಳ್ಳುವ ಮೊದಲು ಒಳಮೈಯಲ್ಲಿ ಬಾಣದ ತಲೆಗಳ ನಡುವೆ ಅಚ್ಚಾದ ಗುರುತನ್ನು ಓದಿ. ಐಎಸ್‌ಒ 11469 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಲ್ಲಿ ಪ್ಲಾಸ್ಟಿಕ್‌ನ ಹೆಸರಿರುತ್ತದೆ. ಎಬಿಎಸ್ ಎಂದಷ್ಟೇ ಇದ್ದರೆ ಅಸಿಟೋನ್‌ನಲ್ಲಿ ಅದೇ ಜಾತಿಯ ಚೂರುಗಳನ್ನು ಕರಗಿಸಿ ಗಂಜಿಯಂತೆ ಮಾಡಿ ಹಚ್ಚಬಹುದು. ಎರಡೂ ಮೈ ಕರಗಿ ಬೆಸೆಯುತ್ತವೆ. ಪಾಲಿಕಾರ್ಬೊನೇಟ್ ಬೆರೆತದ್ದಾದರೆ ಅಸಿಟೋನ್ ಅದನ್ನೇ ಬಿರಿಸುತ್ತದೆ, ಅಲ್ಲಿ ಎರಡು ಟ್ಯೂಬಿನ ಎಪಾಕ್ಸಿಯೇ ಸರಿ. ಎಫ್‌ಆರ್ ಎಂಬ ಅಕ್ಷರಗಳಿದ್ದರೆ ಬೆಂಕಿ ತಡೆಯುವ ರಾಸಾಯನಿಕ ಬೆರೆತಿದೆ. ಉಜ್ಜುವಾಗ ಮಾಸ್ಕ್ ಹಾಕಿ, ನೀರು ಹಾಕಿ ಉಜ್ಜಿ. ಸೂಪರ್ ಗ್ಲೂ ಚೂರುಗಳನ್ನು ಜಾಗದಲ್ಲಿ ನಿಲ್ಲಿಸಲು ಸಾಕು. ಭಾರ ಹೊರುವ ಕಡೆ ಅದೂ ಪೆಡಸಾಗಿ ಬಿಡುತ್ತದೆ.

ಸೀಳಿದ ಕಂಬಕ್ಕೆ ನನ್ನ ವಿಧಾನ ಹೀಗಿದೆ. ಸೀಳನ್ನು ಒತ್ತಿ ಮುಚ್ಚಿ, ಸುತ್ತ ತೆಳು ತಾಮ್ರದ ತಂತಿಯನ್ನು ಬಿಗಿಯಾಗಿ ಏಳೆಂಟು ಸುತ್ತು ಸುತ್ತಿ, ಮೇಲೆ ಎಪಾಕ್ಸಿ ಹಚ್ಚಿ ಒಂದು ದಿನ ಬಿಡುತ್ತೇನೆ. ಹೊರಕ್ಕೆ ತಳ್ಳುವ ಬಲವನ್ನು ತಂತಿ ಹೊರುತ್ತದೆ. ಸ್ಟ್ಯಾಂಡಿನ ಕುತ್ತಿಗೆ ಪೂರ್ತಿ ಪುಡಿಯಾಗಿದ್ದರೆ ಅದರ ಜೊತೆ ಗುದ್ದಾಡದೆ, ಹಿಂಬದಿಯಲ್ಲಿ 75×75 ಅಥವಾ 100×100 ಮಿಲಿಮೀಟರ್ ಅಂತರದ ನಾಲ್ಕು ವೆಸಾ ತೂತುಗಳು, ಅಂದರೆ ಗೋಡೆಗೆ ಹಾಕಲೆಂದು ನಿಗದಿತ ಅಳತೆಯಲ್ಲಿ ಮಾಡಿದ ತೂತುಗಳು, ಇವೆಯೇ ನೋಡಿ. ಅವು ಸಾಮಾನ್ಯವಾಗಿ ಒಳಗಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಎಂ4 ಸ್ಕ್ರೂಗಳಿಂದ ಗೋಡೆಯ ತೋಳಿಗೆ ಹಾಕಿದರೆ ಪ್ಲಾಸ್ಟಿಕ್ ಮೇಲೆ ಭಾರವೇ ಇರುವುದಿಲ್ಲ. ಸ್ಕ್ರೂ ಉದ್ದವಾದರೆ ಒಳಗೆ ಬೋರ್ಡಿಗೆ ಚುಚ್ಚುತ್ತದೆ, ಅಳೆದು ತನ್ನಿ.

ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಹಳದಿ ಕವಚವನ್ನು ಬಿಳಿ ಮಾಡುವ ವಿಧಾನವನ್ನು ಬಹಳ ಜನ ಕೇಳುತ್ತಾರೆ. ಬಣ್ಣ ತಿಳಿಯಾಗುತ್ತದೆ, ನಿಜ. ಕಾಲಕ್ರಮೇಣ ಹಳದಿ ಮರಳುತ್ತದೆ, ಹೋದ ಗಟ್ಟಿತನ ಮಾತ್ರ ಮರಳುವುದಿಲ್ಲ. ಗಾಜಿನಂತೆ ಒಡೆಯುವ ಕವಚಕ್ಕೆ ನಾನು ಅದನ್ನು ಮಾಡುವುದಿಲ್ಲ.

ಮತ್ತೆ ಮುಚ್ಚುವಾಗ ಸ್ಕ್ರೂವನ್ನು ನೇರವಾಗಿ ಬಿಗಿಯಬೇಡಿ. ಮೊದಲು ಕಂಬದ ಬಾಯಿಗಿಟ್ಟು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಕಟ್ ಎಂದು ಸಣ್ಣಗೆ ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಸ್ಕ್ರೂ ತನ್ನ ಹಳೆಯ ಮರೆಯಲ್ಲಿ, ಅಂದರೆ ತಾನೇ ಕೊರೆದ ಸುರುಳಿ ಗೆರೆಯಲ್ಲಿ, ಕೂತಿತು. ಆಮೇಲೆ ಬಲಕ್ಕೆ ತಿರುಗಿಸಿ, ತಡೆ ಸಿಕ್ಕಲ್ಲಿ ನಿಲ್ಲಿಸಿ. ಹೀಗೆ ಮಾಡದಿದ್ದರೆ ಪ್ರತಿ ಸಲವೂ ಸ್ಕ್ರೂ ಹೊಸ ಮರೆ ಕೊರೆಯುತ್ತದೆ, ಮೂರನೆಯ ಸಲಕ್ಕೆ ಕಂಬ ಸೀಳುತ್ತದೆ.

ಪೀಣ್ಯದ ಮಾನಿಟರಿಗೆ ಮುರಿದ ನಾಲಿಗೆಯನ್ನು ಕತ್ತರಿಸಿ ತೆಗೆದು, ಎಟಿಎಂ ಕಾರ್ಡಿನಿಂದ ಕೊಯ್ದ 0.76 ಮಿಲಿಮೀಟರ್ ದಪ್ಪದ ಪಟ್ಟಿಯನ್ನು, ಎರಡೂ ಮೈ ಒರಟು ಮಾಡಿ, ಎಪಾಕ್ಸಿಯಿಂದ ಕೂರಿಸಿದೆ. ಉಳಿದ ನಾಲ್ಕು ಬಟನ್‌ಗಳ ನಾಲಿಗೆಗಳಲ್ಲೂ ಬುಡದಲ್ಲಿ ಕೂದಲೆಳೆಯಂಥ ಬಿರುಕಿತ್ತು. ಅವಕ್ಕೂ ಅದೇ ಪಟ್ಟಿ ಹಾಕಿ ಕಳುಹಿಸಿದೆ.